ಕನ್ನಡಕ್ಕೂ ಬೇಕು ಒಂದು ಗೂಢ ಪದಬಂಧ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಪದಬಂಧವನ್ನು ದಿನವೂ ಬಿಡಿಸುವ ಓದುಗರಲ್ಲಿ ನಾನೂ ಒಬ್ಬ. ಈ ಪತ್ರ ಅದರ ಮೇಲಿನ ದೂರಲ್ಲ. ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಕೇಳುವ ಮನವಿ. ಸುಳಿವಿನ ಮೇಲ್ನೋಟದ ಅರ್ಥ ಒಂದಾಗಿದ್ದು ಒಳಗಿನ ಲೆಕ್ಕಾಚಾರ ಬೇರೆಯೇ ಆಗಿರುವ, ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಕ್ರಿಪ್ಟಿಕ್’ ಎಂದು ಕರೆಯುವ ಬಗೆಯ ಗೂಢ ಪದಬಂಧವನ್ನು ಕನ್ನಡದಲ್ಲಿ, ಅದೂ ಇಂಗ್ಲಿಷಿನ ಪಡಿಯಚ್ಚಾಗಿ ಅಲ್ಲದೆ ಕನ್ನಡದ ಜಾಯಮಾನಕ್ಕೆ ತಕ್ಕಂತೆ, ತಾವು ಆರಂಭಿಸಬೇಕೆಂಬುದು ನನ್ನ ಮತ್ತು ನನ್ನ ಕೆಲವು ಗೆಳೆಯರ ಕೋರಿಕೆ.

ನಾವು ಉಡುಪಿಯ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಬೆಳಗಿನ ನಡಿಗೆಯ ನಂತರ ಕುಳಿತು ಹಿಂದಿನ ದಿನದ ಇಂಗ್ಲಿಷ್ ಗೂಢ ಪದಬಂಧವನ್ನು ಚರ್ಚಿಸುವ ರೂಢಿ ಇಟ್ಟುಕೊಂಡವರು. ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ವಕೀಲರೊಬ್ಬರಿದ್ದಾರೆ, ಕಾಲೇಜಿನಲ್ಲಿ ಕನ್ನಡ ಕಲಿಸಿದ ಮೇಡಂ ಇದ್ದಾರೆ, ಅಜ್ಜನ ಜೊತೆ ಬಂದು ನಮ್ಮೆಲ್ಲರಿಗಿಂತ ಮೊದಲೇ ಉತ್ತರ ಹೇಳಿಬಿಡುವ ಎಂಜಿನಿಯರಿಂಗ್ ವಿದ್ಯಾರ್ಥಿನಿಯೂ ಇದ್ದಾಳೆ. ಬಿಡಿಸುವ ಕೆಲಸ ಅವರವರ ಮನೆಯಲ್ಲೇ ಮುಗಿದಿರುತ್ತದೆ. ಪಾರ್ಕಿನಲ್ಲಿ ನಡೆಯುವುದು ವಾದ. ಅಡ್ಡ ಪದಗಳ ನೆರವಿನಿಂದ ಉತ್ತರ ಬರೆದುಕೊಂಡು ಬಂದವರು ಸುಳಿವಿನ ಪ್ರತಿಯೊಂದು ಮಾತಿಗೂ ಲೆಕ್ಕ ಕೊಡಲಾರದೆ ಹೋದರೆ ಅದನ್ನು ಬಿಡಿಸಿದ್ದೆಂದು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಹೀಗೊಂದು ಬೆಳಿಗ್ಗೆ, ಇಷ್ಟೆಲ್ಲ ತಲೆ ಓಡಿಸುವುದು ಕನ್ನಡದಲ್ಲೇಕೆ ಆಗಬಾರದೆಂದು ಒಬ್ಬರು ಕೇಳಿದಾಗ, ‘ಕನ್ನಡಕ್ಕೆ ಅದು ಹೇಳಿಸಿದ್ದಲ್ಲ ಮಾರಾಯ್ರೆ’ ಎಂಬ ಉತ್ತರ ಕೂಡಲೇ ಬಂತು. ಆ ಉತ್ತರವನ್ನು ಅಲ್ಲಗಳೆಯಲು ನಾವು ಸ್ವತಃ ಸುಳಿವುಗಳನ್ನು ಹೆಣೆಯಲು ತೊಡಗಿದೆವು. ಅದರಿಂದ ತಿಳಿದುಬಂದದ್ದನ್ನೇ ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಪದಬಂಧಕ್ಕೆ ಬಹಳ ಹಳೆಯ ಇತಿಹಾಸವೇನೂ ಇಲ್ಲ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕೃತಿಯ ಮೊದಲ ಪದಬಂಧವನ್ನು ಪ್ರಕಟಿಸಿದ. ಅದರಲ್ಲಿದ್ದದ್ದು ನೇರ ಸುಳಿವುಗಳು. ಸುಳಿವನ್ನು ಗೂಢವಾಗಿಸಿದ ಕೀರ್ತಿ ಇಂಗ್ಲೆಂಡಿನದು. ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ‘ಟಾರ್ಕಿಮಾಡ’ ಎಂಬ ಅಂಕಿತದಲ್ಲಿ 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಇಂಥ ಪದಬಂಧಗಳನ್ನು ಬರೆದರು. ಲಂಡನ್ನಿನ ‘ಟೈಮ್ಸ್’ 1930ರ ಫೆಬ್ರವರಿ 1ರಂದು ಪದಬಂಧ ಆರಂಭಿಸಿತು. ನಮ್ಮ ದೇಶದಲ್ಲಿ ‘ದಿ ಹಿಂದೂ’ ಪತ್ರಿಕೆಗೆ ಗೂಢ ಪದಬಂಧ ರಚಿಸಿದ ಆರಂಭದ ಭಾರತೀಯರಲ್ಲಿ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆರ್.ಡಿ. ಕಟಾರಿಯವರು ಪ್ರಮುಖರು. ಕನ್ನಡದಲ್ಲಿ ನೇರ ಪದಬಂಧಕ್ಕೆ ಕೊರತೆ ಇಲ್ಲ, ಎ.ಎನ್. ಪ್ರಹ್ಲಾದ ರಾವ್ ಅವರೊಬ್ಬರೇ ಹತ್ತಾರು ಸಾವಿರ ಪದಬಂಧಗಳನ್ನು ರಚಿಸಿದ್ದಾರೆ. ಆದ್ದರಿಂದ ಓದುಗರಿಗೆ ಚೌಕ ತುಂಬಿಸುವ ಅಭ್ಯಾಸ ಇಲ್ಲವೆಂದು ಯಾರೂ ಹೇಳಲಾರರು. ಅಭ್ಯಾಸವಿಲ್ಲದಿರುವುದು ಸುಳಿವನ್ನು ಅನುಮಾನದಿಂದ ಓದುವುದಕ್ಕೆ ಮಾತ್ರ.

ಕನ್ನಡಕ್ಕೆ ಒಗ್ಗದು ಎನ್ನುವವರ ಮುಖ್ಯ ವಾದ ಲಿಪಿಯದು, ಮತ್ತು ಅದರಲ್ಲಿ ಅರ್ಧ ಸತ್ಯವಿದೆ. ಇಂಗ್ಲಿಷಿನ ಗೂಢ ಪದಬಂಧ ಬಹುಮಟ್ಟಿಗೆ ಅಕ್ಷರಗಳ ಸ್ಥಾನಪಲ್ಲಟದ ಮೇಲೆ ನಿಂತಿದೆ. ಅಲ್ಲಿ ಸ್ವರ, ವ್ಯಂಜನಗಳು ಬಿಡಿಬಿಡಿಯಾಗಿ ಒಂದೊಂದು ಮನೆಯಲ್ಲಿ ಕೂರುವುದರಿಂದ ಒಂದೇ ಪದವನ್ನು ಕಲಕಿ ಬೇರೆ ಬೇರೆ ಪದಗಳನ್ನು ಪಡೆಯಬಹುದು. ಕನ್ನಡದಲ್ಲಿ ವ್ಯಂಜನ, ಅದರ ಒತ್ತು, ಅದಕ್ಕೆ ಸೇರಿದ ಸ್ವರ ಎಲ್ಲವೂ ಒಂದೇ ಮನೆಯೊಳಗೆ. ‘ಕರಾವಳಿ’ಯ ನಾಲ್ಕು ಅಕ್ಷರಗಳನ್ನು ಹೇಗೆ ತಿರುಚಿದರೂ ಇನ್ನೊಂದು ಪದ ಹುಟ್ಟುವುದಿಲ್ಲ. ಕಾಗುಣಿತದ ಗೊಡವೆಯಿಲ್ಲದ ಪದಗಳಲ್ಲಿ ಮಾತ್ರ ಈ ಆಟ ಸ್ವಲ್ಪ ನಡೆಯುತ್ತದೆ. ‘ಮದನ ಚೆದುರಿದ್ದೇ ನಿಗ್ರಹ (3)’ ಎಂಬ ಸುಳಿವಿಗೆ ‘ದಮನ’ ಉತ್ತರ; ಆವರಣದ ಅಂಕಿ ಉತ್ತರದ ಅಕ್ಷರಗಳ ಲೆಕ್ಕ. ಚೆದುರಿದ ಎಂಬ ಮಾತು ಮದನನ ಅಕ್ಷರಗಳನ್ನು ಅದಲುಬದಲು ಮಾಡಲು ಹೇಳುತ್ತದೆ, ನಿಗ್ರಹ ಎಂಬುದು ಉತ್ತರದ ಅರ್ಥ. ಇಂಥವು ಸಿಗುತ್ತವೆ, ಆದರೆ ದಿನಕ್ಕೊಂದು ಪದಬಂಧವನ್ನು ಇವುಗಳಿಂದಲೇ ತುಂಬಿಸಲು ಹೋದರೆ ಒಂದು ತಿಂಗಳೊಳಗೆ ಸರಕು ಮುಗಿದೀತು.

ಹಾಗೆಂದು ಆಟವೇ ಅಸಾಧ್ಯವೆನ್ನುವುದು ದುಡುಕು. ಸ್ಥಾನಪಲ್ಲಟದಲ್ಲಿ ಕಳೆದುಕೊಂಡದ್ದನ್ನು ಕನ್ನಡ ಬೇರೆ ಕಡೆ ಬಡ್ಡಿ ಸಮೇತ ಕೊಡುತ್ತದೆ. ಅಕ್ಷರಗಳು ಇಡಿಯಾಗಿ ಉಳಿಯುವುದರಿಂದಲೇ ವಾಕ್ಯದೊಳಗೆ ಪದವನ್ನು ಅಡಗಿಸುವುದು ನಮ್ಮಲ್ಲಿ ಹೆಚ್ಚು ಸೊಗಸಾಗಿ ಒದಗುತ್ತದೆ. ‘ಊರ ಜತನದೊಳಗೆ ಅಡಗಿದೆ ಬೆಳ್ಳಿ (3)’ ಎಂಬುದನ್ನು ಓದಿದವರು ಊರಿನವರು ಕಾಪಾಡಿಕೊಂಡು ಬಂದ ಬೆಳ್ಳಿಯ ಒಡವೆಯನ್ನು ನೆನೆದಾರು. ಮೊದಲೆರಡು ಪದಗಳ ನಡುವಿನ ಅಕ್ಷರಗಳನ್ನು ಒಟ್ಟಿಗೆ ಓದಿದರೆ ‘ರಜತ’ ಅಲ್ಲೇ ಇದೆ. ರಜತಪೀಠಪುರ ಎಂದು ಹೆಸರಾದ ಉಡುಪಿಯವರಿಗೆ ಇದು ತಡವಾಗಿ ಹೊಳೆದರೆ ನಾಚಿಕೆಯಾಗಬೇಕು ಎಂದು ಮೇಡಂ ಚೇಷ್ಟೆ ಮಾಡಿದರು. ಅವರದೇ ಇನ್ನೊಂದು ಸುಳಿವು ನಮ್ಮೆಲ್ಲರ ಮಟ್ಟಿಗೆ ಈವರೆಗಿನ ಅತ್ಯುತ್ತಮ: ‘ಲೋಕ ಮಲಗಿದಾಗ ಒಳಗೊಳಗೇ ಅರಳಿದ ಹೂ (3)’. ರಾತ್ರಿ ಅರಳುವ ಹೂವೆಂದರೆ ನೈದಿಲೆ, ಅದಕ್ಕೂ ಮೂರೇ ಅಕ್ಷರ, ಆದ್ದರಿಂದ ಯಾರಾದರೂ ಅನುಮಾನವಿಲ್ಲದೆ ಅದನ್ನೇ ಬರೆಯುತ್ತಾರೆ. ನಿಜವಾದ ಉತ್ತರ ಹಗಲಿನಲ್ಲಿ ಅರಳುವ ‘ಕಮಲ’. ‘ಲೋಕ ಮಲಗಿದಾಗ’ ಎಂಬುದರ ಒಳಗೇ ಅದು ಅರಳಿ ನಿಂತಿದೆ. ಮೇಲ್ಮೈ ಅರ್ಥ ಓದುಗನನ್ನು ದಾರಿ ತಪ್ಪಿಸಬೇಕು, ಆದರೆ ಸರಿಯಾದ ದಾರಿಯನ್ನು ಮುಚ್ಚಬಾರದು ಎಂಬ ತತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇಂಗ್ಲಿಷಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ. ‘ಮರಾ ಮರಾ’ ಎಂದು ಜಪಿಸಿ ರಾಮನನ್ನು ಪಡೆದ ವಾಲ್ಮೀಕಿಯ ಕತೆಯನ್ನು ಬಾಲ್ಯದಿಂದ ಕೇಳಿದವರಿಗೆ ಈ ಉಪಾಯ ಹೊಸತೂ ಅಲ್ಲ.

ಇನ್ನು ಶ್ಲೇಷೆ. ‘ಬೇಟೆಗಾರ ಅನಗತ್ಯ (2)’ ಎಂದರೆ ‘ಬೇಡ’. ಹಿಂದುಮುಂದಾಗಿ ಓದುವ ಪದಗಳು: ‘ಎತ್ತ ಕಡೆಯಿಂದ ನೋಡಿದರೂ ಕಣ್ಣೇ (3)’ ಎಂದರೆ ‘ನಯನ’. ಪದವನ್ನು ತುಂಡುಮಾಡಿ ಕೂಡಿಸುವುದು: ‘ರತ್ನ ಕಾಯುವವನ ಊರು (4)’ ಎಂದರೆ ‘ಮಣಿಪಾಲ’. ಇವು ಹೆಚ್ಚಿನ ವಿವರಣೆ ಬೇಡದ ಬಗೆಗಳು. ಎಲ್ಲ ಭಾಷೆಗಳಲ್ಲೂ ಹೇಗೋ ಒದಗುವಂಥವು.

ಆದರೆ ಇಂಗ್ಲಿಷಿಗಿಲ್ಲದ ಒಂದು ಸಂಪತ್ತು ಕನ್ನಡಕ್ಕಿದೆ, ಅದನ್ನು ವಿವರವಾಗಿ ಹೇಳಲೇಬೇಕು. ಇಂಗ್ಲಿಷ್ ಪದಬಂಧಕಾರರು ಒಂಟಿ ಅಕ್ಷರ ಬೇಕಾದಾಗ ರೋಮನ್ ಅಂಕಿಗಳು, ದಿಕ್ಕುಗಳ ಮೊದಲಕ್ಷರಗಳು, ಚದುರಂಗದ ಕಾಯಿಗಳ ಸಂಕೇತಗಳು ಮುಂತಾದವನ್ನು ಬಳಸುತ್ತಾರೆ. ನಮ್ಮಲ್ಲಿ ಅವುಗಳ ಸ್ಥಾನದಲ್ಲಿ ಸಂಗೀತದ ಸಪ್ತಸ್ವರಗಳಿವೆ, ಛಂದಸ್ಸಿನ ಎಂಟು ಗಣಗಳ ಹೆಸರುಗಳಿವೆ, ವ್ಯಾಕರಣದ ವಿಭಕ್ತಿ ಪ್ರತ್ಯಯಗಳಿವೆ. ‘ಸಾರದ ನಡುವೆ ಗಾಂಧಾರ ಹಿಡಿದರೆ ಸಮುದ್ರ (3)’ ಎಂಬಲ್ಲಿ ಸಾರದ ಮಧ್ಯೆ ‘ಗ’ ಬಂದು ‘ಸಾಗರ’ವಾಗುತ್ತದೆ. ‘ಮಲ್ಲಿಯ ಚತುರ್ಥಿಗೆ ಹೂವು (3)’ ಎಂಬ ಸುಳಿವನ್ನು ಬ್ಯಾಂಕಿನ ಗೆಳೆಯರೊಬ್ಬರು ತಂದಾಗ ಎಲ್ಲರೂ ಚೌತಿಯ ಪೂಜೆಯ ಸುತ್ತಲೇ ಸುತ್ತಿದೆವು. ಚತುರ್ಥಿ ಹಬ್ಬವಲ್ಲ, ವಿಭಕ್ತಿ ಎಂದು ಹೊಳೆದ ಕ್ಷಣದಲ್ಲಿ ‘ಮಲ್ಲಿ’ಗೆ ‘ಗೆ’ ಸೇರಿ ಶಂಕರಪುರದ ‘ಮಲ್ಲಿಗೆ’ ಕೈಗೆ ಬಂತು. ಏಳನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆತ ವಿಭಕ್ತಿಗಳ ಪಟ್ಟಿಯಿಂದ ಇಷ್ಟು ಸಂತೋಷ ಸಿಗಬಹುದೆಂದು ನಮ್ಮ ಮೇಷ್ಟ್ರುಗಳು ಆಗ ಹೇಳಿದ್ದಿದ್ದರೆ ಚೆನ್ನಾಗಿತ್ತು. ಅಂಕಿಗಳನ್ನು ಅಕ್ಷರವಾಗಿಸುವ ಕಟಪಯಾದಿ ಪದ್ಧತಿಯೂ ಇದೆ. ಅದರಲ್ಲಿ ‘ಜ’ ಎಂದರೆ ಎಂಟು, ‘ಯ’ ಎಂದರೆ ಒಂದು. ಬಲದಿಂದ ಎಡಕ್ಕೆ ಓದುವ ನಿಯಮದಂತೆ ‘ಜಯ’ ಎಂದರೆ ಹದಿನೆಂಟು. ‘ಹದಿನೆಂಟಾದರೆ ಗೆಲುವು (2)’ ಎಂದು ಸುಳಿವು ಕೊಡಬಹುದು. ಆದರೆ ಇದು ಪಂಡಿತರ ಸೊತ್ತಾದ್ದರಿಂದ ವಾರದ ದಿನಗಳಲ್ಲಿ ಬೇಡ, ಭಾನುವಾರಕ್ಕೆ ಇರಲಿ ಎಂದು ನನ್ನ ಅಭಿಪ್ರಾಯ.

ನ್ಯಾಯದ ಪ್ರಶ್ನೆಯೊಂದು ಇಲ್ಲಿ ಬರುತ್ತದೆ. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಜಗಳವಾಗಿರುವುದೂ ಅದರ ಮೇಲೆಯೇ. ‘ಅಫ್ರಿಟ್’ ಎಂಬ ಅಂಕಿತದ ಎ.ಎಫ್. ರಿಚಿ 1949ರಲ್ಲಿ ಪದಬಂಧಕಾರನಿಗೆ ಹಾಕಿಕೊಟ್ಟ ಕಟ್ಟಳೆಯ ತಾತ್ಪರ್ಯ ಇಷ್ಟು: ತಾನು ಹೇಳಿದಂತೆ ಕಾಣುವುದೇ ತನ್ನ ಉದ್ದೇಶವಾಗಿರಬೇಕಿಲ್ಲ, ಆದರೆ ತನ್ನ ಉದ್ದೇಶವನ್ನು ಮಾತಿನಲ್ಲಿ ಹೇಳಿರಲೇಬೇಕು. ಕನ್ನಡದಲ್ಲಿ ಈ ಕಟ್ಟಳೆಗೆ ಅಡ್ಡ ಬರುವುದು ಅದೇ ವಿಭಕ್ತಿ. ‘ದೊರೆಯನ್ನು ಹುಡುಕು (3)’ ಎಂಬ ಸುಳಿವಿಗೆ ‘ಅರಸು’ ಎಂಬ ಉತ್ತರವನ್ನು ಒಬ್ಬರು ಹೆಮ್ಮೆಯಿಂದ ಮುಂದಿಟ್ಟರು. ದೊರೆಯೂ ಅರಸು, ಹುಡುಕುವುದೂ ಅರಸು. ವಕೀಲರು ಒಪ್ಪಲಿಲ್ಲ, ‘ದೊರೆಯನ್ನು’ ಎಂಬುದಕ್ಕೆ ಸಮನಾದದ್ದು ‘ಅರಸನ್ನು’, ಬರಿಯ ‘ಅರಸು’ ಅಲ್ಲ ಎಂದರು. ಪುಸ್ತಕ ಓದು, ನೀರು ಕುಡಿ ಎನ್ನುವಾಗ ದ್ವಿತೀಯಾ ವಿಭಕ್ತಿ ಸಹಜವಾಗಿ ಬಿದ್ದುಹೋಗುತ್ತದೆ, ಹಾಗಾಗಿ ‘ದೊರೆ ಹುಡುಕು’ ಎನ್ನಬಹುದಲ್ಲವೇ ಎಂದು ಇನ್ನೊಬ್ಬರು ಕೇಳಿದರು. ವಸ್ತುಗಳ ವಿಷಯದಲ್ಲಿ ಆದಂತೆ ಮನುಷ್ಯರ ವಿಷಯದಲ್ಲಿ ಆ ಲೋಪ ಕನ್ನಡದ ಕಿವಿಗೆ ಹಿಡಿಸುವುದಿಲ್ಲವೆಂದು ಮೇಡಂ ತೀರ್ಪು ಕೊಟ್ಟರು. ಕೊನೆಗೆ ‘ದೊರೆ, ಹುಡುಕು! (3)’ ಎಂದು ದೊರೆಯನ್ನೇ ಕರೆದು ಹೇಳುವಂತೆ ತಿದ್ದಿದಾಗ ಎಲ್ಲರೂ ಒಪ್ಪಿದರು. ಇದರಿಂದ ನಾನು ಕಂಡುಕೊಂಡ ನಿಯಮವೆಂದರೆ, ಉತ್ತರದ ಅರ್ಥ ಹೇಳುವ ಮಾತಿಗೆ ಪ್ರತ್ಯಯದ ಬಾಲ ಇರಬಾರದು. ಉತ್ತರವನ್ನು ಕಟ್ಟಲು ಬೇಕಾದ ಸಾಮಗ್ರಿಗೆ ಇದ್ದರೆ ಅಡ್ಡಿಯಿಲ್ಲ. ಮಲ್ಲಿಯ ‘ಯ’, ಕಾಯುವವನ ಎಂಬಲ್ಲಿಯ ಷಷ್ಠಿ ಎಲ್ಲವೂ ಈ ನಿಯಮದ ಪ್ರಕಾರ ಕ್ಷಮ್ಯ. ಇಂಗ್ಲಿಷಿನಲ್ಲಿ ಈ ಸಮಸ್ಯೆ ಇಷ್ಟು ತೀವ್ರವಾಗಿ ಏಳುವುದೇ ಇಲ್ಲ, ಹಾಗಾಗಿ ಅಲ್ಲಿನ ನಿಯಮಗಳನ್ನು ಎರವಲು ತಂದು ಇದನ್ನು ಬಗೆಹರಿಸಲಾಗದು.

ಪ್ರಾದೇಶಿಕ ಪದಗಳ ಬಗ್ಗೆಯೂ ಎಚ್ಚರ ಬೇಕು. ಬೊಂಡ ಎಂದರೆ ನಮಗೆ ಎಳನೀರು, ಘಟ್ಟದ ಮೇಲಿನವರಿಗೆ ಎಣ್ಣೆಯಲ್ಲಿ ಕರಿದ ತಿಂಡಿಯ ನೆನಪು. ಸುಳಿವಿನಲ್ಲಿ ‘ಕರಾವಳಿಯ’ ಎಂಬ ಒಂದು ಮಾತು ಸೇರಿಸಿದರೆ ಬೀದರಿನ ಓದುಗರಿಗೂ ಅನ್ಯಾಯವಾಗುವುದಿಲ್ಲ. ಪದದ ಅರ್ಥದ ಮೇಲೆ ತಕರಾರು ಎದ್ದಾಗ ನಾವು ಮಧ್ಯಸ್ಥಿಕೆಗೆ ತೆರೆಯುವುದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟೆಲರ ನಿಘಂಟನ್ನು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು. ಯಾವ ನಿಘಂಟು ಪ್ರಮಾಣ ಎಂಬುದನ್ನು ಪತ್ರಿಕೆ ಮೊದಲೇ ಹೇಳಿಬಿಟ್ಟರೆ ಅರ್ಧ ಪತ್ರವ್ಯವಹಾರ ತಪ್ಪುತ್ತದೆ.

ಗೂಢಾರ್ಥದ ಆಟ ನಮ್ಮಲ್ಲಿ ಮೊದಲೇ ಇತ್ತು, ದಂಡಿ ‘ಕಾವ್ಯಾದರ್ಶ’ದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ಹೇಳಿದ್ದಾನೆ, ಕನಕದಾಸರ ಮುಂಡಿಗೆಗಳಿವೆ, ಶರಣರ ಬೆಡಗಿನ ವಚನಗಳಿವೆ, ಆದ್ದರಿಂದ ಇಂಗ್ಲಿಷಿನವರಿಂದ ಕಲಿಯಬೇಕಾದದ್ದೇನು ಎಂದು ಕೇಳುವವರೂ ನಮ್ಮ ಗುಂಪಿನಲ್ಲಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಮುಂಡಿಗೆಯ ಒಳಗುಟ್ಟು ತಿಳಿಯಲು ಆ ಪರಂಪರೆಯ ಒಳಗಿರಬೇಕು, ಬಲ್ಲವರು ಬಿಡಿಸಿ ಹೇಳಬೇಕು. ಗೂಢ ಪದಬಂಧದ ಸುಳಿವಾದರೋ ಅಪರಿಚಿತನೊಬ್ಬ ಒಬ್ಬನೇ ಕುಳಿತು ಬಿಡಿಸಿ, ತನ್ನ ಉತ್ತರ ಸರಿಯೆಂದು ತಾನೇ ಸಾಧಿಸಿ ತೋರಿಸಬಹುದಾದದ್ದು. ನನ್ನ ದೃಷ್ಟಿಯಲ್ಲಿ ಅದಕ್ಕೆ ಹೆಚ್ಚು ಹತ್ತಿರವಾದದ್ದು ವೇಷ, ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನವಾದ ಕರಾವಳಿಯ ತಾಳಮದ್ದಳೆ. ಪ್ರಸಂಗದ ಪದ್ಯದ ಒಂದು ಶಬ್ದವನ್ನು ಹಿಡಿದು, ಎದುರಾಳಿ ಊಹಿಸದ ಕಡೆ ಒಡೆದು, ಅದೇ ಶಬ್ದದಿಂದ ಇನ್ನೊಂದು ಅರ್ಥವನ್ನು ಹೊರಡಿಸಿ ವಾದ ಗೆಲ್ಲುವ ಅರ್ಥಧಾರಿಯನ್ನು ಮೆಚ್ಚಿ ತಲೆದೂಗುವ ಪ್ರೇಕ್ಷಕರು ಇಲ್ಲಿ ಊರೂರಿಗೂ ಇದ್ದಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಕೇಳಿ ಬೆಳೆದ ತಲೆಮಾರಿಗೆ ಶ್ಲೇಷೆಯ ಸುಳಿವು ಕಷ್ಟವಾದೀತೆಂದು ನಾನು ನಂಬುವುದಿಲ್ಲ. ಪದಬಂಧದಿಂದ ಜ್ಞಾಪಕಶಕ್ತಿ ಹೆಚ್ಚುತ್ತದೆ, ಮರೆವಿನ ಕಾಯಿಲೆ ದೂರವಾಗುತ್ತದೆ ಎಂದೆಲ್ಲ ಹೇಳಿ ತಮ್ಮನ್ನು ಒಪ್ಪಿಸಲು ಮಾತ್ರ ನಾನು ಹೋಗುವುದಿಲ್ಲ. ಸಂತೋಷವೇ ಸಾಕಷ್ಟು ಕಾರಣ.

ರಚನೆಯ ವಿಚಾರದಲ್ಲಿ ಕೆಲವು ಸಲಹೆಗಳಿವೆ. ಇಂಗ್ಲಿಷಿನಂತೆ ಹದಿನೈದಕ್ಕೆ ಹದಿನೈದರ ಚೌಕ ಕನ್ನಡಕ್ಕೆ ಬೇಕಿಲ್ಲ. ನಮ್ಮ ಬಳಕೆಯ ಪದಗಳಲ್ಲಿ ಹೆಚ್ಚಿನವು ಮೂರರಿಂದ ಐದು ಅಕ್ಷರಗಳವಾದ್ದರಿಂದ ಒಂಬತ್ತಕ್ಕೆ ಒಂಬತ್ತು ಸಾಕು. ಒತ್ತಕ್ಷರವಿರುವ ಮನೆಯಲ್ಲಿ ಎರಡು ಪದಗಳು ಸಂಧಿಸುವಾಗ ತೊಡಕಾಗುತ್ತದೆ: ‘ಮಲ್ಪೆ’ಯ ಎರಡನೆಯ ಅಕ್ಷರದಿಂದ ಯಾವ ಪದವೂ ಆರಂಭವಾಗದು, ‘ಳ’ ಮತ್ತು ‘ಣ’ಗಳದ್ದೂ ಅದೇ ಕತೆ. ಆದ್ದರಿಂದ ಕಪ್ಪು ಮನೆಗಳು ಎರಡೂ ಬದಿಗೆ ಸಮನಾಗಿ ಬೀಳಬೇಕೆಂಬ ಇಂಗ್ಲಿಷಿನ ಹಟವನ್ನು ಇಲ್ಲಿ ಸಡಿಲಿಸಿದರೆ ರಚಿಸುವವರಿಗೆ ಉಸಿರಾಡಲು ಸಾಧ್ಯ. ‘ಬಸ್’ ಮುಂತಾದ ಪದಗಳ ಕೊನೆಯ ಅರ್ಧಾಕ್ಷರಕ್ಕೆ ಪ್ರತ್ಯೇಕ ಮನೆ ಉಂಟೋ ಇಲ್ಲವೋ ಎಂಬುದನ್ನೂ ನಿಶ್ಚಯಿಸಬೇಕು; ಉಂಟು ಎಂಬುದು ನನ್ನ ಮತ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮರುದಿನದ ಉತ್ತರ. ಈಗ ತಮ್ಮ ಪತ್ರಿಕೆಯಲ್ಲಿ ತುಂಬಿಸಿದ ಚೌಕವನ್ನು ಚಿಕ್ಕದಾಗಿ ಮುದ್ರಿಸುತ್ತೀರಿ. ನೇರ ಪದಬಂಧಕ್ಕೆ ಅದು ಸಾಲುತ್ತದೆ. ಗೂಢ ಪದಬಂಧಕ್ಕೆ ಪ್ರತಿ ಸುಳಿವಿನ ಬಿಡಿಸಿದ ರೂಪವನ್ನೂ ಕೊಡಬೇಕು: ಮಲ್ಲಿ, ಅದಕ್ಕೆ ಚತುರ್ಥೀ ವಿಭಕ್ತಿಯ ‘ಗೆ’, ಅರ್ಥ ಹೂವು, ಇಷ್ಟು ಸಾಕು. ಆರಂಭದ ಕೆಲವು ತಿಂಗಳಾದರೂ ಇದಿಲ್ಲದೆ ಹೊಸಬರು ಕಲಿಯಲಾರರು, ಬೇಸತ್ತು ಬಿಟ್ಟುಬಿಡುತ್ತಾರೆ. ರಚಿಸಿದವರ ಹೆಸರನ್ನೋ ಅಂಕಿತವನ್ನೋ ಚೌಕದ ಮೇಲೆ ಮುದ್ರಿಸುವುದೂ ಅಗತ್ಯ. ಒಬ್ಬೊಬ್ಬರ ಕೈಗೂ ಒಂದೊಂದು ಜಾಡು ಇರುತ್ತದೆ. ಆ ಜಾಡು ಹಿಡಿಯುವುದು ಬಿಡಿಸುವವರ ಅರ್ಧ ಆನಂದ, ಮತ್ತು ತಪ್ಪು ಸುಳಿವಿಗೆ ಹೊಣೆ ಹೊರಲು ಒಬ್ಬರಾದರೂ ಇದ್ದಾರೆಂಬ ನೆಮ್ಮದಿ. ವಾರಕ್ಕೊಮ್ಮೆ ಓದುಗರ ಆಕ್ಷೇಪಗಳಿಗೂ ನಾಲ್ಕು ಸಾಲು ಜಾಗವಿದ್ದರೆ ನಮ್ಮ ಪಾರ್ಕಿನ ಜಗಳ ಎಲ್ಲರದೂ ಆಗುತ್ತದೆ.

ಬಹುಮಾನ ಮಾತ್ರ ದಯವಿಟ್ಟು ಇಡಬೇಡಿ. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಹಣದ ಆಸೆ ಹುಟ್ಟಿಸುವ ಪದಬಂಧ ಸ್ಪರ್ಧೆಗಳು ದೇಶದಲ್ಲಿ ಹಬ್ಬಿದ್ದವು. ಎರಡು ಉತ್ತರಗಳು ಸಮನಾಗಿ ಹೊಂದುವಂತೆ ಸುಳಿವು ಕೊಟ್ಟು, ಅವುಗಳಲ್ಲಿ ಒಂದನ್ನು ಮಾತ್ರ ಸರಿಯೆನ್ನುವುದು ಇಂಥ ಸ್ಪರ್ಧೆಗಳ ತಂತ್ರ. ಅದು ಬುದ್ಧಿಯ ಪರೀಕ್ಷೆಯಲ್ಲ, ಅದೃಷ್ಟದ್ದು. ಸಂಸತ್ತು 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯ್ದೆಯನ್ನು ತಂದು ತಿಂಗಳೊಂದರ ಒಟ್ಟು ಬಹುಮಾನಕ್ಕೆ ಒಂದು ಸಾವಿರ ರೂಪಾಯಿಯ ಮಿತಿ ಹಾಕಿತು, ಮತ್ತು ಆ ಕಾಯ್ದೆ ಅನ್ವಯಿಸುವುದು ಅದೃಷ್ಟದ ಸ್ಪರ್ಧೆಗಳಿಗೇ ಹೊರತು ಕೌಶಲದ ಸ್ಪರ್ಧೆಗಳಿಗಲ್ಲವೆಂದು 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು ಎಂದು ನಮ್ಮ ವಕೀಲರು ನೆನಪಿಸುತ್ತಾರೆ. ಗೂಢ ಪದಬಂಧ ಕೌಶಲದ ಕಡೆಗೇ ನಿಲ್ಲುತ್ತದೆಂಬುದರಲ್ಲಿ ಸಂಶಯವಿಲ್ಲ, ಆದರೂ ದುಡ್ಡು ಬಂದಲ್ಲಿ ಚರ್ಚೆ ಕೆಡುತ್ತದೆ. ಪೂರ್ತಿ ಬಿಡಿಸಿ ಕಳುಹಿಸಿದವರ ಹೆಸರು ಮತ್ತು ಊರನ್ನು ಸೋಮವಾರ ಪ್ರಕಟಿಸಿದರೆ ಸಾಕಾಗುತ್ತದೆ.

ನಮ್ಮ ಗುಂಪು ಹೆಣೆದ ಕೆಲವು ಪದಬಂಧಗಳನ್ನು ವಿವರಣೆ ಸಹಿತ ಪ್ರತ್ಯೇಕ ಲಕೋಟೆಯಲ್ಲಿ ಕಳುಹಿಸಿದ್ದೇವೆ. ಅವನ್ನೇ ಮುದ್ರಿಸಬೇಕೆಂಬ ಒತ್ತಾಯವಿಲ್ಲ. ತಮ್ಮ ಈಗಿನ ಪದಬಂಧಕಾರರು ಒಮ್ಮೆ ನೋಡಿ, ಎಲ್ಲಿ ನಿಯಮ ತಪ್ಪಿದೆಯೆಂದು ಗುರುತು ಹಾಕಿದರೂ ಉಪಕಾರವೇ. ವಾರಕ್ಕೊಂದರಂತೆ, ಭಾನುವಾರದ ಪುರವಣಿಯಲ್ಲಿ ಆರಂಭಿಸಿ, ಓದುಗರ ಸ್ಪಂದನ ನೋಡಿಕೊಂಡು ದಿನವಹಿಗೆ ಬರುವುದು ಸೂಕ್ತವೆಂದು ನಮಗೆ ತೋರುತ್ತದೆ.

ಇಂತಿ,
ಪದಬಂಧಪ್ರಿಯ ಓದುಗ,
ಅಜ್ಜರಕಾಡು, ಉಡುಪಿ